ವೇಪ್‌ನ (ಇ-ಸಿಗರೇಟಿನ) ಕಾಂತಲ್ ಕಾಯಿಲ್‌ಗೆ ತಾಪಮಾನ ನಿಯಂತ್ರಣ ಏಕೆ ಒಗ್ಗುವುದಿಲ್ಲ?

ಪ್ರಶ್ನೆ: ಮ್ಯಾಂಚೆಸ್ಟರ್‌ನಲ್ಲಿರುವ ನಾನು ಸಿಗರೇಟು ಬಿಡಲೆಂದು ವೇಪ್ ಹಿಡಿದೆ. ಕಾಂತಲ್ ಕಾಯಿಲ್ (ದ್ರವವನ್ನು ಕಾಯಿಸುವ ತಂತಿಯ ಸುರುಳಿ) ಹಾಕಿ, ತಾಪಮಾನ ನಿಯಂತ್ರಣವನ್ನು 220 ಡಿಗ್ರಿಗೆ ಇಟ್ಟರೂ ದ್ರವ ಹೀರುವ ಹತ್ತಿ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದೆ. ಸಾಧನ ಕೆಟ್ಟಿದೆಯೇ?

ಉತ್ತರ 1: ಕೆಟ್ಟಿಲ್ಲ. ಸಾಧನವು ಕಾಯಿಲ್‌ಗೆ ಉಷ್ಣಮಾಪಕ ಹಿಡಿಯುವುದಿಲ್ಲ. ತಂತಿ ಕಾದಂತೆ ಅದರ ವಿದ್ಯುತ್ ರೋಧ ಎಷ್ಟು ಏರಿತೆಂದು ಅಳೆದು, ಅದರಿಂದ ತಾಪಮಾನವನ್ನು ಲೆಕ್ಕ ಹಾಕುತ್ತದೆ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂಗಳ ಮಿಶ್ರಲೋಹವಾದ ಕಾಂತಲ್‌ನ ರೋಧ ಕಾದರೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಲೆಕ್ಕಕ್ಕೆ ಆಧಾರವೇ ಸಿಗುವುದಿಲ್ಲ. ಎಸ್‌ಎಸ್ 316 (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್) ತಂತಿ ಹಾಕಿ, ಮೆನುವಿನಲ್ಲೂ ಅದನ್ನೇ ಆರಿಸಿ.

ಉತ್ತರ 2: ಕಾಯಿಲ್ ಪೂರ್ತಿ ತಣ್ಣಗಾದ ಮೇಲೆಯೇ ಮೂಲ ರೋಧವನ್ನು (ಲೆಕ್ಕಕ್ಕೆ ಆಧಾರವಾದ, ತಣ್ಣನೆಯ ಕಾಯಿಲ್‌ನ ರೋಧ) ಸಾಧನದಲ್ಲಿ ಲಾಕ್ ಮಾಡಿ; ಬಿಸಿಯಿದ್ದಾಗ ಮಾಡಿದರೆ ನಿಜವಾದ ತಾಪಮಾನ ಪರದೆಯ ಅಂಕಿಯನ್ನು ಮೀರುತ್ತದೆ. ಅಂದಹಾಗೆ, ಊರಿಗೆ ಹೋಗುವಾಗ ವೇಪ್ ಒಯ್ಯಬೇಡಿ: 2019ರಿಂದ ಭಾರತದಲ್ಲಿ ಇದರ ಆಮದು, ಮಾರಾಟ ಎರಡೂ ನಿಷಿದ್ಧ.