ಚಿನ್ನದ ಅಥೀನೆ ಇದ್ದರೂ ವಸ್ತ್ರ ಮರದ ಅಥೀನೆಗೇ ಏಕೆ?

ಪ್ರಶ್ನೆ:
ಶಿಲ್ಪಿ ಫಿಡಿಯಾಸ್ ಚಿನ್ನ ಮತ್ತು ದಂತದಿಂದ ರೂಪಿಸಿದ, ಸುಮಾರು 12 ಮೀಟರ್ ಎತ್ತರದ ಗ್ರೀಕ್ ದೇವಿ ಅಥೀನೆಯ ಪ್ರತಿಮೆ ಕ್ರಿ.ಪೂ. 438ರಲ್ಲಿ ಅಥೆನ್ಸ್ ನಗರದ ಆಕ್ರೊಪೊಲಿಸ್ ಬೆಟ್ಟದ ಪಾರ್ಥೆನಾನ್ ದೇಗುಲದಲ್ಲಿ ಪ್ರತಿಷ್ಠಿತವಾಯಿತು. ಆದರೂ ದೇವಿಯ ಪನಥೇನಿಯ ಹಬ್ಬದಲ್ಲಿ ಅರ್ಪಿಸುವ ಪೆಪ್ಲಾಸ್ ಎಂಬ ವಸ್ತ್ರವನ್ನು ಅದೇ ಬೆಟ್ಟದ ಮೇಲಿದ್ದ ಆಲಿವ್ ಮರದ ಹಳೆಯ ವಿಗ್ರಹಕ್ಕೆ ಉಡಿಸುತ್ತಿದ್ದರೆಂದು ಓದಿದೆ. ಅಷ್ಟು ಭವ್ಯವಾದ ಪ್ರತಿಮೆ ಕಣ್ಣೆದುರಿಗಿದ್ದರೂ ಹೀಗೇಕೆ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಭವ್ಯತೆ ಬೇರೆ, ಪೂಜ್ಯತೆ ಬೇರೆ. ಮರದ ವಿಗ್ರಹವೇ ಅಥೀನಾ ಪೋಲಿಯಾಸ್, ಅಂದರೆ ನಗರವನ್ನು ಕಾಯುವ ದೇವಿ. ಅದು ಆಕಾಶದಿಂದ ಬಿದ್ದದ್ದೆಂಬ ಪ್ರತೀತಿಯನ್ನು ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸೇನಿಯಸ್ ದಾಖಲಿಸಿದ್ದಾನೆ. ನಿಜವೋ ಸುಳ್ಳೋ ಎಂಬ ಚರ್ಚೆಗೆ ಅವನು ಇಳಿಯುವುದಿಲ್ಲ. ಪ್ಲಿಂಟೇರಿಯ ಎಂಬ ತೊಳೆಯುವ ಆಚರಣೆಯಂದು ಪ್ರಾಕ್ಸಿಯೆರ್ಗಿಡೈ ಮನೆತನದವರು ದೇವಿಯ ಒಡವೆಗಳನ್ನು ಕಳಚಿ, ವಿಗ್ರಹಕ್ಕೆ ಮುಸುಕು ಹಾಕುತ್ತಿದ್ದರು. ದೇವಿ ಮುಖ ಮರೆಸಿಕೊಂಡ ಆ ದಿನವನ್ನು ಊರು ಎಷ್ಟು ಅಶುಭವೆಂದು ಭಾವಿಸಿತ್ತೆಂದರೆ, ಸೇನಾಪತಿ ಆಲ್ಸಿಬಿಯಾಡಿಸ್ ದೇಶಭ್ರಷ್ಟತೆ ಮುಗಿಸಿ ಅಂದೇ ಬಂದಿಳಿದದ್ದು ಹಲವರಿಗೆ ಅಪಶಕುನವಾಗಿ ಕಂಡಿತು. ಉಡಿಸಿ, ಕಳಚಿ, ತೊಳೆದು ನಡೆಸಿಕೊಂಡು ಬಂದ ಈ ಸೇವೆಯೇ ಅದರ ಮಹಿಮೆಯ ಮೂಲವೆಂದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಮರದ ಪಾತ್ರವನ್ನೂ ಮರೆಯುವಂತಿಲ್ಲ. ಎಪಿಡಾರಸ್ ಎಂಬ ಗ್ರೀಕ್ ನಗರದಲ್ಲಿ ಬೆಳೆ ಕೈಕೊಟ್ಟಾಗ ಡೆಲ್ಫಿಯ ದೈವವಾಣಿ, ಡಾಮಿಯಾ ಮತ್ತು ಆಕ್ಸೇಸಿಯಾ ದೇವಿಯರ ವಿಗ್ರಹಗಳನ್ನು ಕಂಚಿನಲ್ಲೂ ಅಲ್ಲ, ಕಲ್ಲಿನಲ್ಲೂ ಅಲ್ಲ, ಸಾಗುವಳಿಯ ಆಲಿವ್ ಮರದಲ್ಲೇ ಮಾಡಿಸಬೇಕೆಂದಿತೆಂದು ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಎಪಿಡಾರಸಿನವರು ಕೇಳಿಕೊಂಡಾಗ ತಮ್ಮ ಆಲಿವ್ ಮರ ಕಡಿಯಲು ಅಥೆನ್ಸಿನವರು ಒಪ್ಪಿದರು. ಪ್ರತಿಯಾಗಿ ಅಥೀನಾ ಪೋಲಿಯಾಸ್‌ಗೆ ವರ್ಷವರ್ಷವೂ ಬಲಿ ಸಲ್ಲಿಸಬೇಕೆಂದು ಕರಾರು ಹಾಕಿದರು. ಮರದ ವಿಗ್ರಹ ಹಗುರವಾದ್ದರಿಂದ ಕೈಯಲ್ಲಿ ಹಿಡಿಯಲೂ ಬರುತ್ತಿತ್ತು. ಸ್ಪಾರ್ಟಾ ನಗರದಲ್ಲಿ ದೇವಿಯ ಆಚರಣೆಯಾಗಿ ಹುಡುಗರಿಗೆ ಚಾಟಿಯೇಟು ಬೀಳುವಾಗ ಆರ್ಟೆಮಿಸ್ ಓರ್ಥಿಯಾ ದೇವಿಯ ಪುಟ್ಟ ಮರದ ವಿಗ್ರಹವನ್ನು ಪೂಜಾರಿಣಿ ಹಿಡಿದು ನಿಲ್ಲುತ್ತಿದ್ದಳು. ಹುಡುಗನ ರೂಪಕ್ಕೋ ಅಂತಸ್ತಿಗೋ ಮನಸೋತು ಯಾರಾದರೂ ಮೆಲ್ಲಗೆ ಹೊಡೆದರೆ ವಿಗ್ರಹ ತಾಳಲಾರದಷ್ಟು ಭಾರವಾಗುತ್ತದೆಂದು ಆಕೆ ದೂರುತ್ತಿದ್ದಳಂತೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅಥೆನ್ಸಿನ ಆ ವಿಗ್ರಹ ನೋಡಲು ಹೇಗಿತ್ತು?

ಉತ್ತರ 1:
ಅದು ನಿಂತಿತ್ತೋ ಕುಳಿತಿತ್ತೋ ಎಂಬುದೇ ವಿದ್ವಾಂಸರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಕ್ರಿ.ಪೂ. 4ನೇ ಶತಮಾನದ ದೇಗುಲದ ಆಸ್ತಿಪಟ್ಟಿಗಳು ಕಲ್ಲಿನ ಮೇಲೆ ಉಳಿದಿವೆ. ಮುಡಿಗೆ ಕಿರೀಟಪಟ್ಟಿ, ಕಿವಿಗೆ ಓಲೆ, ಕೊರಳಿಗೆ ಐದು ಹಾರ, ಬಂಗಾರದ ಗೂಬೆ, ಕೈಯಲ್ಲಿ ಬಂಗಾರದ ಬಟ್ಟಲು: ಎಲ್ಲವನ್ನೂ ಎಣಿಸಿ ಬರೆದಿದ್ದಾರೆ. ಒಳಗಿನ ಮರದ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ.