ನೀರು ಏರಿದಾಗ, ಇಳಿದಾಗ ವಾಲ್‌ಐ ಮೀನು ಎಲ್ಲಿ ಹೋಗುತ್ತೆ? ಅನುಭವ ಇದ್ದವರು ಹೇಳಿ

ಕೇಳಿದ್ದು: ಎಲ್ಲರಿಗೂ ನಮಸ್ಕಾರ. ಅಮೆರಿಕದ ಉತ್ತರ ಡಕೋಟಾದ ಬಿಸ್ಮಾರ್ಕ್‌ಗೆ ಬಂದ ಮೇಲೆ ಗಾಳದ ಹುಚ್ಚು ಹತ್ತಿದೆ. ಸಕಾಕವೀಯ ಜಲಾಶಯದಲ್ಲಿ ಮೇ ತಿಂಗಳಲ್ಲಿ ವಾಲ್‌ಐ ಚೆನ್ನಾಗಿ ಕಚ್ಚುತ್ತಿದ್ದ ಕಲ್ಲುದಂಡೆಯಲ್ಲಿ ಈಗ, ಜೂನ್ ಕೊನೆಗೆ, ಒಂದೂ ಕಚ್ಚುತ್ತಿಲ್ಲ. ನೀರು ಮಾತ್ರ ದಿನಾ ಏರ್ತಿದೆ. ಎರೆ ಬದಲಿಸಲಾ, ಜಾಗ ಬದಲಿಸಲಾ?

ಉತ್ತರ 1: ಮೊದಲು ಜಾಗ ಬದಲಿಸಿ ಸಾರ್, ಎರೆ ಆಮೇಲೆ. ಕೆಆರ್‌ಎಸ್ 124.80 ಅಡಿ ಮುಟ್ಟಿತಾ ಅಂತ ನೋಡಿ ಬೆಳೆದವರು ನಾವು. ಆದರೆ ವಾಲ್‌ಐಗೆ ಮಟ್ಟ ಎಷ್ಟು ಅನ್ನೋದಕ್ಕಿಂತ ನೀರು ಏರ್ತಿದೆಯಾ ಇಳೀತಿದೆಯಾ, ಎಷ್ಟು ಬೇಗ ಅನ್ನೋದೇ ಮುಖ್ಯ. ಸಕಾಕವೀಯ ತುಂಬಿಸೋ ಮಿಸೌರಿ ನದಿಗೆ ಮೊದಲು ಬಯಲಿನ ಹಿಮ ಕರಗಿ ಬರುತ್ತೆ, ಮೇನಿಂದ ಜುಲೈವರೆಗೆ ರಾಕಿ ಪರ್ವತದ್ದು. ಹಾಗೆ ಏರಿದ ನೀರು ದಡದ ಹುಲ್ಲು, ವಿಲ್ಲೋ ಪೊದೆಗಳನ್ನು ಮುಳುಗಿಸುತ್ತೆ. ಹುಳುಹುಪ್ಪಟೆ ತಿನ್ನೋಕೆ ಸಣ್ಣ ಮೀನು ಅಲ್ಲಿಗೆ ನುಗ್ಗುತ್ತವೆ, ಅವುಗಳ ಹಿಂದೆಯೇ ವಾಲ್‌ಐ. ನಿಮ್ಮ ಕಲ್ಲುದಂಡೆ ಈಗ ಆಳದಲ್ಲಿದೆ, ಮೀನು ನಿಮ್ಮ ಬೆನ್ನ ಹಿಂದೆ, ದಡದ ಕಡೆ ಇದೆ. ಮುಳುಗಿದ ಹುಲ್ಲಿನ ಹೊರ ಅಂಚಿನಲ್ಲಿ, ಐದಾರು ಅಡಿ ನೀರಲ್ಲಿ, ಸಂಜೆ ಹೊತ್ತು ಜಿಗ್‌ಗೆ (ತಲೆಯಲ್ಲಿ ಸೀಸದ ತೂಕ ಇರೋ ಗಾಳ) ಜಿಗಣೆ ಸಿಕ್ಕಿಸಿ ಬಿಡಿ. ಗಾಳಿ ಹೊಡೆದು ನೀರು ಕದಡಿದ್ದರೆ ಹಗಲಲ್ಲೂ ಕಚ್ಚುತ್ತೆ. ಮೀನು ಚದುರಿರುತ್ತೆ, ಒಂದೇ ಕಡೆ ಕೂರಬೇಡಿ.

ಉತ್ತರ 2: ಇಳಿಯೋವಾಗ ಇದರ ತಿರುಗುಮುರುಗು. ಮೀನು ಮೊದಲು ಬಿಡೋದೇ ಸಣ್ಣ ಕೊಲ್ಲಿಗಳನ್ನ. ಚಾಚಿದ ದಿಬ್ಬಗಳ ತುದಿ, ಹಳೇ ನದಿಪಾತ್ರದ ಅಂಚು ಹುಡುಕಿ. ಆಗಸ್ಟ್‌ನಲ್ಲಿ ನಾನು ಇಪ್ಪತ್ತು ಅಡಿಗಿಂತ ಕೆಳಗೇ ಎರೆಹುಳು ಎಳೆಯೋದು. ಇನ್ನೊಂದು ಮಾತು. ನೀರು ತೀರಾ ಇಳಿದ ವರ್ಷ ದಡದುದ್ದಕ್ಕೂ ನಡೆದು ಕಲ್ಲುಗುಡ್ಡೆ, ಮರದ ಬುಡ, ಹಳೇ ರಸ್ತೆ ಎಲ್ಲದರ ಫೋಟೋ ತೆಗೆದು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳಿ. ನೀರು ತುಂಬಿದ ಮೇಲೆ ಅಷ್ಟು ಒಳ್ಳೆ ನಕ್ಷೆ ಯಾರೂ ಕೊಡಲ್ಲ.

ಉತ್ತರ 3: ದೋಣಿ ಇಳಿಸೋ ರ‍್ಯಾಂಪ್ ನೀರಿಗೆ ಮುಟ್ಟುತ್ತಾ ಅಂತ ಹೊರಡೋ ಮುಂಚೆಯೇ ವಿಚಾರಿಸಿ. ಏರೋ ನೀರಲ್ಲಿ ದಿಮ್ಮಿಗಳು ತೇಲಿ ಬರುತ್ತವೆ, ನಿಧಾನ.

ಉತ್ತರ 4: ದಿನದ ಲೆಕ್ಕ ಎಲ್ಲರೂ ಹೇಳಿದರು, ವರ್ಷಗಳ ಲೆಕ್ಕವೂ ಇದೆ. ಇಲ್ಲಿನ ವಾಲ್‌ಐಗೆ ಮುಖ್ಯ ಆಹಾರ ರೇನ್‌ಬೋ ಸ್ಮೆಲ್ಟ್, 1971ರಲ್ಲಿ ತಂದು ಬಿಟ್ಟ ಮೀನು. ಮಂಜುಗಡ್ಡೆ ಕರಗಿದ ಕೂಡಲೇ ದಡದ ಜಲ್ಲಿಯಲ್ಲಿ, ತೀರಾ ಕಡಿಮೆ ನೀರಲ್ಲಿ ಮೊಟ್ಟೆ ಇಡುತ್ತೆ. ಆ ಕೆಲವು ವಾರದಲ್ಲಿ ನೀರು ಇಳಿದರೆ ಮೊಟ್ಟೆ ಒಣಗಿ ಹೋಯ್ತು. 2005ರ ಮೇನಲ್ಲಿ ಸಕಾಕವೀಯ ಸಮುದ್ರಮಟ್ಟದಿಂದ 1805.8 ಅಡಿಗೆ ಇಳಿದಿತ್ತು, ಅಂದರೆ ಸಾಮಾನ್ಯ ಮಟ್ಟ 1837.5 ಅಡಿಗಿಂತ ಮೂವತ್ತಕ್ಕೂ ಹೆಚ್ಚು ಅಡಿ ಕೆಳಗೆ. ಅಂಥ ಬರದಲ್ಲಿ ಸ್ಮೆಲ್ಟ್‌ಗೆ ಬೇಕಾದ ತಣ್ಣನೆಯ ಆಳದ ನೀರೂ ಕುಗ್ಗುತ್ತೆ. ಅತಿ ನೀರೂ ಒಳ್ಳೇದಲ್ಲ. 2011ರ ಮಹಾಪೂರದಲ್ಲಿ ಕೆಳಗಿನ ಓಆಹಿ ಜಲಾಶಯದ ಸ್ಮೆಲ್ಟ್ ಅಣೆಕಟ್ಟಿನ ಮೂಲಕ ಕೊಚ್ಚಿಹೋಗಿ, ಅಲ್ಲಿನ ವಾಲ್‌ಐ ಬಡಕಲಾದವು. ಹಸಿದ ಮೀನು ಗಾಳಕ್ಕೆ ಬೇಗ ಬೀಳುತ್ತೆ, ಅದನ್ನು ನೋಡಿ ಮೀನು ಹೆಚ್ಚಿದೆ ಅಂದುಕೊಳ್ಳಬಾರದು. ಹಿಡಿದದ್ದರ ಹೊಟ್ಟೆ ತುಂಬಿದೆಯಾ ನೋಡಿ.

ಕೇಳಿದವರು: ತುಂಬಾ ಉಪಕಾರ ಆಯ್ತು. ದಿನದ ಮಟ್ಟ ಎಲ್ಲಿ ನೋಡೋದು?

ಉತ್ತರ 1: ಅಮೆರಿಕ ಸೇನೆಯ ಎಂಜಿನಿಯರ್ ವಿಭಾಗವಾದ ಆರ್ಮಿ ಕಾರ್ಪ್ಸ್ ಆಫ್ ಎಂಜಿನಿಯರ್ಸ್, ಸಕಾಕವೀಯಕ್ಕೆ ಕಟ್ಟಿರೋ ಗ್ಯಾರಿಸನ್ ಅಣೆಕಟ್ಟಿನ ಮಟ್ಟ, ಒಳಹರಿವು, ಹೊರಹರಿವು ಎಲ್ಲ ದಿನಾ ಪ್ರಕಟಿಸುತ್ತೆ. ಒಂದೇ ದಿನದ ಅಂಕಿ ನಂಬಬೇಡಿ, ಜೋರು ಗಾಳಿಗೆ ನೀರು ಒಂದು ಕಡೆ ಒತ್ತಿ ಮಟ್ಟ ತಪ್ಪು ತೋರಿಸಬಹುದು. ಒಂದು ವಾರದ್ದು ಒಟ್ಟಿಗೆ ನೋಡಿ ಹೊರಡಿ.