‘ಟ್ಯೂನಬಲ್’ಗೆ ಕನ್ನಡದಲ್ಲಿ ಏನನ್ನೋಣ? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ನಾಳೆ ಮಂಗಳೂರಲ್ಲಿ ಕಾಲೇಜು ಮಕ್ಕಳಿಗೆ ಕಮ್ಮಟ ಇದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಜೀವಾಳವಾದ ಕರ್ನೆಲ್‌ಗೆ ಬರುವ ಪ್ಯಾಚ್‌ಗಳನ್ನು (ಕೋಡ್‌ನ ತಿದ್ದುಪಡಿಗಳನ್ನು) ಪರಿಶೀಲಿಸುವುದು ಹೇಗೆ ಅಂತ ಕನ್ನಡದಲ್ಲಿ ಕೈಪಿಡಿ ಮಾಡುತ್ತಿದ್ದೇನೆ. ಸಂಜೆ ಪ್ರಿಂಟಿಗೆ ಕೊಡಬೇಕು.

ಸಿಕ್ಕಿಹಾಕಿಕೊಂಡದ್ದು ‘ಟ್ಯೂನಬಲ್’ನಲ್ಲಿ. ಸಿಸ್ಟಮ್ ಓಡುತ್ತಿರುವಾಗಲೇ ‘ಸಿಸ್‌ಕಂಟ್ರೋಲ್’ ಕಮಾಂಡ್ ಕೊಟ್ಟು ಬದಲಿಸುತ್ತೇವಲ್ಲ, ಆ ಸೆಟ್ಟಿಂಗ್‌ಗಳು. ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಎಷ್ಟು ಸುಲಭವಾಗಿ ಸರಿಸಬೇಕು ಅಂತ ಹೇಳುವ ‘ಸ್ವಾಪಿನೆಸ್’ ಇದೆ ನೋಡಿ, ನಾವು ಮುಟ್ಟದಿದ್ದರೆ 60 ಇರುತ್ತದೆ, ಅಂಥದ್ದು. ನನ್ನ ವಾಕ್ಯ ಹೀಗಿದೆ: ‘ಹೊಸ ಟ್ಯೂನಬಲ್ ಸೇರಿಸಿದ್ದರೆ ಕನಿಷ್ಠ, ಗರಿಷ್ಠ ಮಿತಿ ಹಾಕಿದ್ದಾರಾ ನೋಡಿ.’ ‘ಹೊಂದಿಸಬಹುದಾದ ನಿಯತಾಂಕ’ ಅಂತ ಬರೆದೆ. ನನಗೇ ಓದಲಾಗಲಿಲ್ಲ.

ಉಡುಪಿಯಿಂದ:
ಬಿರಡೆ. ವೀಣೆಯ ತಂತಿ ಬಿಗಿಮಾಡಲು ತಿರುಗಿಸುವುದು ಅದನ್ನೇ. ಬೇರೆ ಹುಡುಕಬೇಕಾಗಿಲ್ಲ. ಕರ್ನೆಲ್‌ಗೆ ತಿರುಳು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ನಿಮ್ಮೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ. ಕೇಳುವ ಮೊದಲು ಅದನ್ನೊಮ್ಮೆ ತೆರೆಯಬಾರದೇ?

ಸುರತ್ಕಲ್‌ನಿಂದ:
ಮಾಷ್ಟ್ರೇ, ಬಿರಡೆ ಅಂದರೆ ಮಕ್ಕಳಿಗೆ ಬಾಟ್ಲಿಯ ಮುಚ್ಚಳ. ಅದಿರಲಿ, ಕೇಳಿದವರಿಗೆ ಬೇರೆಯೇ ತೊಂದರೆ ಇದೆ. ಲಿನಕ್ಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯಲ್ಲಿ ಟ್ಯೂನಬಲ್ ಅಂದರೆ ಸಾಮಾನ್ಯವಾಗಿ ಬೂಟ್ ಆಗುವ ಮೊದಲು, ಕರ್ನೆಲ್ ಎಬ್ಬಿಸುವ ಲೋಡರ್‌ನಲ್ಲಿ ಕೊಡುವಂಥದ್ದು. ಓಡುವಾಗ ಬದಲಿಸುವುದಕ್ಕೆ ಅಲ್ಲಿ ಸಿಸ್‌ಕಂಟ್ರೋಲ್ ಅನ್ನುತ್ತಾರೆ. ಕೆಲವು ಎರಡೂ ಕಡೆ ನಡೆಯುತ್ತವೆ. ಎಲ್ಲಕ್ಕೂ ಒಂದೇ ಪದ ಹಾಕಿದರೆ ಆ ಪ್ಯಾಚ್ ನೋಡುವವರಿಗೆ ಗಲಿಬಿಲಿ. ‘ಬೂಟ್ ಸೆಟ್ಟಿಂಗ್’, ‘ಓಡುವಾಗಿನ ಸೆಟ್ಟಿಂಗ್’ ಅಂತ ಬರೆಯಿರಿ, ಸಾಕು.

ಮಿತಿಯ ವಾಕ್ಯದ ಜೊತೆ ಇನ್ನೊಂದು ಸೇರಿಸಿ. ಸೆಟ್ಟಿಂಗ್‌ಗೆ ಮೊದಲಿನಿಂದ ಇದ್ದ ಅಂಕಿಯನ್ನೇ ಪ್ಯಾಚ್ ಬದಲಿಸುತ್ತಿದೆಯಾ ಅಂತ ನೋಡಬೇಕು. ಲಿನಕ್ಸ್ 5.4ರಲ್ಲಿ ‘ಸೋಮ್ಯಾಕ್ಸ್‌ಕಾನ್’ 128ರಿಂದ 4096ಕ್ಕೆ ಹೋಯಿತು. ಇದು ಸರ್ವರ್ ಬಾಗಿಲಲ್ಲಿ ಕಾಯುವ ಕನೆಕ್ಷನ್‌ಗಳ ಸಾಲಿಗೆ ಮಿತಿ. ಸೆಟ್ಟಿಂಗ್ ಮುಟ್ಟದೇ ಸುಮ್ನೆ ಕೂತವರಿಗೂ ಬದಲಾವಣೆ ತಟ್ಟುತ್ತದೆ, ಅಲ್ವಾ? ಪರಿಶೀಲನೆ ಇರುವುದೇ ಇದಕ್ಕೆ. ಹೆಸರು ಆಮೇಲೆ.

ಉಡುಪಿಯಿಂದ:
‘ಸೆಟ್ಟಿಂಗ್’ ಯಾವಾಗ ಕನ್ನಡ ಆಯ್ತು ಮಾರಾಯ್ರೇ? ಹೀಗೆ ಸಾಲ ತಂದರೆ ಕ್ರಿಯಾಪದ ಮಾತ್ರ ನಮ್ಮದು ಉಳಿದೀತು. ಮುಚ್ಚಳಕ್ಕೂ ಬಿರಡೆ, ವೀಣೆಗೂ ಬಿರಡೆ. ಒಂದು ಪದಕ್ಕೆ ಎರಡರ್ಥ ಇರಬಾರದು ಅಂತ ಯಾವ ವ್ಯಾಕರಣ ಹೇಳಿದೆ?

ಸುರತ್ಕಲ್‌ನಿಂದ:
ನಿಮ್ಮ ಮನೆ ಬೀಗಕ್ಕೆ ಚಾವಿ ಇಲ್ವಾ? ಪೋರ್ಚುಗೀಸರದ್ದು. ಜನೇಲೂ ಅವರದ್ದೇ. ಅವನ್ನು ಮೊದಲು ಕಿತ್ತು ಹಾಕಿ, ಆಮೇಲೆ ಸೆಟ್ಟಿಂಗ್‌ಗೆ ಬರೋಣ.

ಉಡುಪಿಯಿಂದ:
ಚಾವಿ ನಾಲಿಗೆಗೆ ಒಗ್ಗಿದೆ. ‘ಸೋಮ್ಯಾಕ್ಸ್‌ಕಾನ್’ ಒಗ್ಗಿದೆಯೇ?

ಮಂಗಳೂರಿನಿಂದ:
ಅದು ಕೋಡ್‌ನಲ್ಲಿರುವ ಹೆಸರು ಮಾಷ್ಟ್ರೇ, ಮುಟ್ಟುವ ಹಾಗಿಲ್ಲ. ಬೂಟ್ ಸೆಟ್ಟಿಂಗ್, ಓಡುವಾಗಿನ ಸೆಟ್ಟಿಂಗ್ ಅಂತ ಹಾಕಿ ಪ್ರೆಸ್ಸಿಗೆ ಕಳಿಸಿಯಾಯಿತು. ಇಬ್ಬರಿಗೂ ಥ್ಯಾಂಕ್ಸ್. ಪ್ಯಾಚ್‌ಗೆ ಮಾತ್ರ ಈಗ ಯಾರೂ ಹೊಸ ಪದ ಕೊಡಬೇಡಿ.

ಉಡುಪಿಯಿಂದ:
ತೇಪೆ.